ಅಂದಾಜೂ ಅಳತೆಯೂ

‘ಅಂದಾಜು’ ಎಂಬ ಶಬ್ದವು ಪಾರಸಿಯಿಂದ ಕನ್ನಡಕ್ಕೆ ಬಂದುದು. ಮೂಲದಲ್ಲಿ ಅದಕ್ಕೆ ಅಳತೆ, ಪ್ರಮಾಣ ಎಂಬ ಅರ್ಥಗಳುಂಟು. ಕನ್ನಡದ ಬಳಕೆಯಲ್ಲಿ ಅದು ಅಳತೆಯನ್ನು ತೊರೆದು ಬರಿಯ ಊಹೆಯ ಕಡೆಗೆ ಸರಿದಿದೆ. ವೈಯಾಕರಣರು ಇದನ್ನು ಹೀನಾರ್ಥಪ್ರಾಪ್ತಿ ಎಂದಾರು. ಶಬ್ದಕ್ಕೆ ಒದಗಿದ ಈ ಗತಿಯು ವ್ಯವಹಾರಕ್ಕೂ ಒದಗಿದೆಯೆಂಬುದನ್ನು ತಿಳಿಯಬೇಕಾದರೆ, ಒಂದು ಕೊಠಡಿಗೆ ಬಣ್ಣ ಕೊಳ್ಳುವ ಬಗೆಯನ್ನು ನೋಡಿದರೆ ಸಾಕು.

ಸುಣ್ಣದ ಕಾಲದಲ್ಲಿ ಊಹೆಯಿಂದ ಬಾಧಕವಿರಲಿಲ್ಲ. ಅರಳಿಸಿದ ಸುಣ್ಣ ಸಾಲದಾದರೆ ಇನ್ನಷ್ಟು ಕದಡಿಕೊಳ್ಳಬಹುದಾಗಿತ್ತು. ಮಿಕ್ಕುದು ನೀರಿನಡಿಯಲ್ಲಿದ್ದರೆ ಕೆಡುತ್ತಿರಲಿಲ್ಲ. ಇಂದು ಗಿರಾಕಿ ತೋರಿದ ಛಾಯೆಗೆ ತಕ್ಕಂತೆ ಅಂಗಡಿಯ ಯಂತ್ರವೇ ಬಣ್ಣ ಬೆರೆಸಿಕೊಡುತ್ತದೆ. ಹಾಗೆ ಬೆರೆಸಿದ ಡಬ್ಬವನ್ನು ಅಂಗಡಿಯವನು ಸಾಮಾನ್ಯವಾಗಿ ಹಿಂದಕ್ಕೆ ಪಡೆಯನು. ಸಾಲಲಿಲ್ಲವೆಂದು ವಾರದ ಮೇಲೆ ಇನ್ನೊಂದು ಡಬ್ಬ ತಂದರೆ ಛಾಯೆಯು ಕೂದಲೆಳೆಯಷ್ಟು ಬೇರೆಯಾಗಬಹುದು. ಒಂದೇ ಗೋಡೆಯ ನಡುವೆ ಆ ಭೇದ ಎದ್ದು ಕಾಣುತ್ತದೆ. ಹೆಚ್ಚು ತಂದರೆ ಹಣವು ಡಬ್ಬದಲ್ಲಿಯೇ ಒಣಗುತ್ತದೆ. ದಾನಿಗಳ ನೆರವಿನಿಂದ ನಡೆಯುವ ಶಾಲೆಗಾಗಲಿ, ತಿಂಗಳ ಸಂಬಳದಲ್ಲಿ ಮನೆ ತೂಗಿಸುವ ಗೃಹಸ್ಥನಿಗಾಗಲಿ ಇದು ಅಲ್ಪ ನಷ್ಟವಲ್ಲ.

ವಿಚಿತ್ರವೆಂದರೆ, ಇದಕ್ಕೆ ಬೇಕಾದ ವಿದ್ಯೆಯೆಲ್ಲ ಪಾಠಶಾಲೆಯಲ್ಲಿಯೇ ಇದೆ. ನಾಲ್ಕು ಗೋಡೆಗಳ ವಿಸ್ತೀರ್ಣದ ಲೆಕ್ಕವನ್ನು ಹುಡುಗರು ಪರೀಕ್ಷೆಯಲ್ಲಿ ಸರಿಯಾಗಿಯೇ ಮಾಡುತ್ತಾರೆ. ಆದರೆ ತಾವು ಕುಳಿತ ಕೊಠಡಿಗೆ ಬಣ್ಣ ಬಳಿಯುವಾಗ ಅವರನ್ನು ಕೇಳುವವರಿಲ್ಲ. ಪೂರ್ವಿಕರು ಗಣಿತವನ್ನು ಹೀಗೆ ಬೇರ್ಪಡಿಸಿದವರಲ್ಲ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನು ಇಟ್ಟಿಗೆಯ ಒಟ್ಟಲು, ಮರ ಕೊಯ್ಯುವ ಕೂಲಿ, ಧಾನ್ಯದ ರಾಶಿ ಇವುಗಳಿಗೆಲ್ಲ ಒಂದೊಂದು ವ್ಯವಹಾರವನ್ನು ಹೇಳಿದ್ದಾನೆ. ಕನ್ನಡದಲ್ಲಿ ಗಣಿತ ಬರೆದ ರಾಜಾದಿತ್ಯನು ತನ್ನ ಗ್ರಂಥವನ್ನು ಕರೆದುದೇ ‘ವ್ಯವಹಾರಗಣಿತ’ವೆಂದು.

ನೆಲದ ವಿಸ್ತೀರ್ಣವೊಂದನ್ನೇ ಕೇಳಿ ಬಣ್ಣದ ಪ್ರಮಾಣವನ್ನು ಹೇಳಿಬಿಡುವುದು ರೂಢಿ. ಇದು ಎಷ್ಟು ದುರ್ಬಲವೆಂಬುದಕ್ಕೆ ದೃಷ್ಟಾಂತ ದೂರವಿಲ್ಲ. 20 ಅಡಿ ಉದ್ದ, 15 ಅಡಿ ಅಗಲದ ಕೊಠಡಿಯ ನೆಲ 300 ಚದರಡಿ. 30 ಅಡಿಗೆ 10 ಅಡಿಯ ಕೊಠಡಿಯದೂ ಅಷ್ಟೇ. ಆದರೆ ಸುತ್ತಳತೆ ಮೊದಲಿನದಕ್ಕೆ 70 ಅಡಿ, ಎರಡನೆಯದಕ್ಕೆ 80 ಅಡಿ. ಎತ್ತರ 10 ಅಡಿಯಾದರೆ ಗೋಡೆಗಳು ಕ್ರಮವಾಗಿ 700, 800 ಚದರಡಿ. ಬಣ್ಣ ಬಳಿಯುವುದು ಗೋಡೆಗೆ ತಾನೆ?

ಮೊದಲಿನ ಕೊಠಡಿಯನ್ನೇ ತರಗತಿಯೆಂದು ಭಾವಿಸೋಣ. 7 ಅಡಿ ಎತ್ತರ, 3 ಅಡಿ ಅಗಲದ ಎರಡು ಬಾಗಿಲುಗಳಿಗೆ 42 ಚದರಡಿ. 4 ಅಡಿಗೆ ಮೂರೂವರೆ ಅಡಿಯ ಮೂರು ಕಿಟಕಿಗಳಿಗೆ ಮತ್ತೆ 42. ಕಳೆದರೆ 616 ಉಳಿಯುತ್ತದೆ. ಒಂದು ಲೀಟರು ಇಮಲ್ಶನ್ ಬಣ್ಣವು ನಯವಾದ ಗೋಡೆಯಲ್ಲಿ ಒಂದು ಕೈಗೆ ಸುಮಾರು 120 ಚದರಡಿ ಹಬ್ಬುತ್ತದೆಂದು ಇಟ್ಟುಕೊಂಡರೆ, ಎರಡು ಕೈಗೆ ಹತ್ತೂಕಾಲು ಲೀಟರಿಗಿಂತ ತುಸು ಹೆಚ್ಚು ಬೇಕು; ಎಂದರೆ 10 ಲೀಟರಿನ ಡಬ್ಬವೊಂದು, ಮೇಲೆ 1 ಲೀಟರಿನದೊಂದು. ಆದರೆ ಗೋಡೆಯಲ್ಲಿ 12 ಅಡಿಗೆ 4 ಅಡಿಯ ಕರಿಹಲಗೆಯಿದೆ. ಆ 48ನ್ನೂ ಕಳೆದರೆ 568 ಚದರಡಿ, ಒಂಬತ್ತೂವರೆ ಲೀಟರು. ಒಂದೇ ಡಬ್ಬ ಸಾಕು. ಚಾವಣಿಯ ಬಿಳಿಯ ಬಣ್ಣದ ಲೆಕ್ಕ ಬೇರೆಯೇ. ಡಬ್ಬದ ಮೇಲಿನ ಅಂಕಿಯು ಒಂದು ಕೈಗೋ ಎರಡು ಕೈಗೋ ಎಂಬುದನ್ನು ಓದದೆ ಮೋಸಹೋಗುವವರು ಬಹುಮಂದಿ. ಪಠ್ಯಪುಸ್ತಕದ ಲೆಕ್ಕ ಮೀಟರಿನಲ್ಲಿ, ಬಣ್ಣದವರ ಮಾತು ಅಡಿಯಲ್ಲಿ. ಒಂದು ಚದರ ಮೀಟರಿಗೆ 10.76 ಚದರಡಿ ಎಂಬುದು ಹುಡುಗರಿಗೆ ಬಾಯಿಗೆ ಬರಬೇಕು.

ಇಷ್ಟಾದರೂ ಗೋಡೆಯು ಪುಸ್ತಕದ ಆಯತವಲ್ಲ. ಹೊಸ ಗಾರೆಯು ಬಣ್ಣವನ್ನು ಹೀರುತ್ತದೆ. ಒರಟು ಗೋಡೆಯ ಮೈ ಅಳತೆಗಿಂತ ಹೆಚ್ಚು. ಪುಟ್ಟಿ ಮೆತ್ತಿ ಉಜ್ಜಿ, ಪ್ರೈಮರು ಕೊಟ್ಟಿದ್ದರೆ ಹೀರುವಿಕೆ ತಗ್ಗುತ್ತದೆ. ಆದಕಾರಣ ಬಣ್ಣದ ಕೆಲಸಗಾರನ ಅನುಭವವನ್ನು ಹಗುರವಾಗಿ ಕಾಣುವುದು ಅನ್ಯಾಯ. ಅವನು ‘ಸಾಲದು’ ಎಂದಾಗಲೆಲ್ಲ ಕಳ್ಳತನವನ್ನು ಶಂಕಿಸುವವರುಂಟು. ಅವನ ಕೈ ಕಂಡ ಗೋಡೆಯ ದಾಹವನ್ನು ಟೇಪು ಕಾಣದು. ಅದನ್ನು ಅಳೆಯಲು ಉಪಾಯವೊಂದಿದೆ. ಮೊದಲು ಒಂದೇ ಲೀಟರನ್ನು ತಂದು, ಡಬ್ಬದ ಮೇಲೆ ಹೇಳಿದಷ್ಟೇ ನೀರು ಬೆರೆಸಿ, ಅಳೆದ ಭಾಗಕ್ಕೆ ಬಳಿದು, ಎಷ್ಟು ದೂರ ಹೋಯಿತೆಂದು ನೋಡಬೇಕು. ಬಳಿಕ ಉಳಿದುದನ್ನೆಲ್ಲ ಒಮ್ಮೆಗೇ ಕೊಂಡು, ಡಬ್ಬಗಳನ್ನು ದೊಡ್ಡ ಪಾತ್ರೆಯಲ್ಲಿ ಒಂದಾಗಿ ಕಲಸಿಕೊಂಡರೆ ಛಾಯಾಭೇದದ ಭಯವಿಲ್ಲ. ಪರೀಕ್ಷೆಗೆ ಬಳಿದ ಭಾಗವನ್ನೂ ಎರಡನೆಯ ಕೈ ಮುಚ್ಚುತ್ತದೆ.

ಶಾಲೆಯಲ್ಲಿ ಬಣ್ಣದ ಕೆಲಸ ನಡೆಯುವಾಗ ಎಂಟನೆಯ, ಒಂಬತ್ತನೆಯ ತರಗತಿಯವರ ಕೈಗೆ ಟೇಪನ್ನು ಕೊಡಬೇಕು. ಪಾಠಕ್ಕೆ ಹೊತ್ತು ಸಾಲದೆಂಬ ಆಕ್ಷೇಪ ಬಂದೀತು. ಎರಡು ಅವಧಿಗಳಲ್ಲಿ ಮುಗಿಯುವ ಕೆಲಸವಿದು. ಅವರು ಬರೆದುಕೊಟ್ಟ ಅಂಕಿಯನ್ನು ಕೆಲಸಗಾರನು ಹೇಳಿದ ಅಂಕಿಯ ಪಕ್ಕದಲ್ಲಿಟ್ಟು, ಕೊನೆಗೆ ಖರ್ಚಾದುದೆಷ್ಟೆಂಬುದನ್ನೂ ಅದೇ ಪುಸ್ತಕದಲ್ಲಿ ಬರೆದಿಡಬೇಕು. ಲೆಕ್ಕದಲ್ಲಿ ಒಂಬತ್ತೂವರೆ ಬಂದು, ಗೋಡೆಯು 12 ಲೀಟರು ಕುಡಿದಿದ್ದರೆ, ಆ ಕೊಠಡಿಗೆ ಮುಂದಿನ ಬಾರಿ 120ರ ಬದಲು 95ರಿಂದ ಭಾಗಿಸಬೇಕೆಂದು ತಿಳಿಯುತ್ತದೆ.