ನಮ್ಮವನು ಅಂತ ಮುಚ್ಚಿಡೋದು ಯಾವ ಹೋರಾಟ?



ನಮ್ಮ ಹಾಸ್ಟೆಲ್ಲಿನ ಹುಡುಗನೊಬ್ಬನ ಮೇಲೆ ಅತ್ಯಾಚಾರದ ದೂರು ದಾಖಲಾದ ರಾತ್ರಿ, ಊಟದ ಹಾಲಿನಲ್ಲಿ ಕೇಳಿದ್ದು ಎರಡೇ ಮಾತು. ‘ಮೇಲ್ಜಾತಿಯವರ ಪಿತೂರಿ ಕಣ್ರೋ’ ಅಂತ ಒಬ್ಬ. ‘ಹಿರಿಯರನ್ನ ಕರೆಸಿ ರಾಜಿ ಮಾಡಿಸೋಣ’ ಅಂತ ಇನ್ನೊಬ್ಬ. ದೂರು ಕೊಟ್ಟವಳು ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕೇರಿಯ ಹುಡುಗಿಯೇ ಅಂತ ಬೆಳಿಗ್ಗೆ ತಿಳಿಯಿತು. ಪಿತೂರಿ ಎಂದಿದ್ದವನು ಆಮೇಲೆ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಆ ನಾಚಿಕೆಯೇ ಇದನ್ನು ಬರೆಸುತ್ತಿದೆ.

ಪಿತೂರಿ ಇಲ್ಲವೇ ಇಲ್ಲ ಅನ್ನುತ್ತಿಲ್ಲ. ಜಾತಿ ಮೀರಿ ಪ್ರೀತಿಸಿದ ಹೊಲಗೇರಿಯ ಹುಡುಗನ ಮೇಲೆ ಹುಡುಗಿಯ ಮನೆಯವರು ಅಪಹರಣ, ಅತ್ಯಾಚಾರ ಅಂತ ಕೇಸು ಜಡಿಯುವುದುಂಟು. ಆದರೆ ಅವಳಿಗೆ ಹದಿನೇಳು ಅಂತಾದರೆ ‘ಅವಳೇ ಒಪ್ಪಿದ್ದಳು’ ಅನ್ನುವ ಮಾತು ಕೋರ್ಟಿನಲ್ಲಿ ನಿಲ್ಲೋದಿಲ್ಲ. 2012ರ ಪೋಕ್ಸೊ ಕಾಯ್ದೆಯಲ್ಲಿ 18 ತುಂಬದವರ ಒಪ್ಪಿಗೆಗೆ ಬೆಲೆಯಿಲ್ಲ. ಸಂಭೋಗ ನಡೆದಿದ್ದರೆ, 2019ರ ತಿದ್ದುಪಡಿಯ ನಂತರ ಕನಿಷ್ಠ 10 ವರ್ಷ; ಅವಳಿಗೆ 16 ಆಗಿರದಿದ್ದರೆ ಕನಿಷ್ಠ 20. ವಯಸ್ಕಳ ಮೇಲಿನ ಅತ್ಯಾಚಾರಕ್ಕೂ ನ್ಯಾಯ ಸಂಹಿತೆಯ 64ನೇ ಕಲಮಿನಡಿ 10 ವರ್ಷದಿಂದ ಜೀವಾವಧಿ. ಗುಂಪಾಗಿ ಮಾಡಿದರೆ ಕನಿಷ್ಠ 20. ಅದೇ ಉದ್ದೇಶ ಇಟ್ಟುಕೊಂಡು ಬಾಗಿಲು ಕಾದವನಿಗೂ ಅಷ್ಟೇ. ‘ನಾನು ಮುಟ್ಟಿಲ್ಲ ಸಾರ್’ ಅಂದರೆ ಮುಗೀತು ಅಂದುಕೊಂಡಿದ್ದೀರಾ?

‘ಸಾಕ್ಷಿ ಎಲ್ಲಿದೆ?’ ಅಂತ ಕೇಳ್ತೀರಿ. ಅವಳ ಮಾತು ನಂಬಿಕೆಗೆ ಅರ್ಹವಾಗಿದ್ದರೆ ಅದೊಂದರ ಮೇಲೆಯೇ ಶಿಕ್ಷೆ ಆಗಬಹುದು. ಈ ಕಾನೂನು ಸುಮ್ಮನೆ ಬರಲಿಲ್ಲ. 1972ರಲ್ಲಿ ಮಹಾರಾಷ್ಟ್ರದ ಠಾಣೆಯೊಳಗೆ ಪೊಲೀಸರು ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಎರಗಿದರು. ಮೈಮೇಲೆ ಗಾಯವಿಲ್ಲ, ಪ್ರತಿಭಟಿಸಲಿಲ್ಲ ಅಂತ 1978ರಲ್ಲಿ ಸುಪ್ರೀಂ ಕೋರ್ಟೇ ಅವರನ್ನು ಬಿಟ್ಟಿತು. ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ಬದಲಾಯಿತು. ಗೌಡನ ಮಗ ಆರೋಪಿಯಾದಾಗ ದೌರ್ಜನ್ಯ ತಡೆ ಕಾಯ್ದೆ ಹಾಕಿ, ನಿರೀಕ್ಷಣಾ ಜಾಮೀನು ಕೊಡಬೇಡಿ ಅಂತ ಠಾಣೆ ಮುಂದೆ ಕೂರುವ ನಾವು, ನಮ್ಮ ರೂಮ್‌ಮೇಟ್ ಆರೋಪಿಯಾದಾಗ ಗೌಡನ ಬಾಯಲ್ಲೇ ಮಾತಾಡ್ತೀವಲ್ಲ, ಇದು ಯಾವ ಸೀಮೆ ಕ್ರಾಂತಿ?

ಹಾಗಂತ ಆರೋಪ ಬಂದವನನ್ನು ಕೈಬಿಡಿ ಅಂತಲ್ಲ. ಬಡವರ ಮನೆಯ ಹುಡುಗನಿಗೆ ಲಾಕಪ್ಪು ಏನು ಅಂತ ನಮಗೆ ಗೊತ್ತು. ತಮ್ಮಾ, ಓಡಿಹೋಗಬೇಡ, ಓಡಿದರೆ ಜಾಮೀನಿಗೆ ನೀನೇ ಕಲ್ಲು ಹಾಕಿಕೊಂಡಂತೆ. ಮೊದಲು ವಕೀಲರನ್ನು ನೋಡು. ದುಡ್ಡಿಲ್ಲವೇ? 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ, ಅದು ಭಿಕ್ಷೆಯಲ್ಲ, ಹಕ್ಕು. ಹಿಡಿದರೆ ಯಾಕೆ ಅಂತ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನಿನ್ನ ವಿರುದ್ಧ ನೀನೇ ಸಾಕ್ಷಿ ಹೇಳು ಅಂತ ಯಾರೂ ಒತ್ತಾಯಿಸುವ ಹಾಗಿಲ್ಲ, ಸಂವಿಧಾನದ 20(3). ಖಾಲಿ ಹಾಳೆಗೆ ಸಹಿ ಹಾಕಬೇಡ. ವೈದ್ಯಕೀಯ ಪರೀಕ್ಷೆಗೆ ಮಾತ್ರ ಇಲ್ಲ ಅನ್ನಲಾಗದು. ಫೋನಿನ ಮೆಸೇಜು ಅಳಿಸಬೇಡ. ನೀನು ನಿರಪರಾಧಿಯಾದರೆ ನಿನ್ನನ್ನು ಉಳಿಸುವುದು ಅದೇ ಇರಬಹುದು, ಅಳಿಸಿದರೆ ಇನ್ನೊಂದು ಕೇಸು.

ಅವಳಿಗೆ ಫೋನ್ ಮಾಡಬೇಡ, ಅವಳ ಅವ್ವನ ಕಾಲು ಹಿಡಿಯೋಕೂ ಹೋಗಬೇಡ. ಗೆಳೆಯರ ದಂಡು ಕಳಿಸಿದರೆ ಅದಕ್ಕೆ ಬೆದರಿಕೆ ಅಂತ ಹೆಸರು. ವಾಟ್ಸಾಪಿನಲ್ಲಿ ಅವಳ ಹೆಸರು ಹಾಕಿದವನಿಗೆ ಎರಡು ವರ್ಷದವರೆಗೆ ಜೈಲು ಆಗಬಹುದು.

ಇನ್ನು ರಾಜಿ. ಅತ್ಯಾಚಾರ ರಾಜಿಯಾಗುವ ಅಪರಾಧವೇ ಅಲ್ಲ. 2020ರಲ್ಲಿ ಮಧ್ಯಪ್ರದೇಶ ಹೈಕೋರ್ಟು ಆರೋಪಿಗೆ, ಹೋಗಿ ಅವಳ ಕೈಲಿ ರಾಖಿ ಕಟ್ಟಿಸಿಕೊ ಅಂತ ಜಾಮೀನಿನ ಷರತ್ತು ಹಾಕಿತ್ತು. 2021ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕಿತ್ತೆಸೆದು, ಮದುವೆ, ರಾಜಿ ಅಂತ ನ್ಯಾಯಾಧೀಶರೇ ಬಾಯಿ ಬಿಡಬಾರದು ಎಂದಿತು. ನ್ಯಾಯಾಧೀಶರಿಗೆ ಇಲ್ಲದ ಅಧಿಕಾರ ನಮ್ಮ ಕಟ್ಟೆಯ ಯಜಮಾನರಿಗೆ ಎಲ್ಲಿಂದ ಬಂತು?

ಅವನ ಕೇಸು ಇನ್ನೂ ನಡೀತಿದೆ. ತಪ್ಪು ಮಾಡಿದ್ದಾನೋ ಇಲ್ಲವೋ ಕೋರ್ಟು ಹೇಳಲಿ. ಅವಳು ಪರೀಕ್ಷೆಗೆ ಬಂದ ದಿನ ಗೇಟಿನ ಹತ್ತಿರ ಸಿಳ್ಳೆ ಹಾಕಿದವರು ಮಾತ್ರ ಯಾರು ಅಂತ ನಮಗೆಲ್ಲ ಗೊತ್ತು. ಬರುವ ಭಾನುವಾರ ಊಟದ ಹಾಲಿನಲ್ಲಿ ಅವರ ಎದುರಿಗೇ ಇದನ್ನು ಗಟ್ಟಿಯಾಗಿ ಓದುತ್ತೇನೆ. ಉಚಿತ ಕಾನೂನು ನೆರವಿನ 15100 ನಂಬರನ್ನು ನಮ್ಮ ಬೋರ್ಡಿನ ಮೇಲೂ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಬೋರ್ಡಿನ ಮೇಲೂ ಬರೆಯಲು ಬಣ್ಣ ಬೇಕು, ಒಂದೊಂದು ರೂಪಾಯಿ ತನ್ನಿ.