‘ಕೆಟ್ಟಾಗ ನೋಡೋಣು’ ಅನ್ನೋದು ಎಷ್ಟು ತುಟ್ಟಿ?

ಒಂದು ಕಿರಾಣಿ ಅಂಗಡಿಯಲ್ಲಿ ಎಷ್ಟು ಮಷೀನ್ ಇರ್ತಾವೆ, ಒಮ್ಮೆ ಎಣಿಸಿ ನೋಡಿ. ಎಲೆಕ್ಟ್ರಾನಿಕ್ ತಕ್ಕಡಿ, ಬಿಲ್ಲಿಂಗ್ ಕಂಪ್ಯೂಟರ್, ಪ್ರಿಂಟರ್, ಯುಪಿಐ ಸೌಂಡ್ ಬಾಕ್ಸ್, ಫ್ರಿಜ್, ಇನ್ವರ್ಟರ್, ಜೊತೆಗೆ ಮಾಲಕರ ಮೊಬೈಲ್. ಇಷ್ಟರಲ್ಲಿ ಪ್ರತಿ ವರ್ಷ ತಪಾಸಣೆ ಆಗಲೇಬೇಕಾದದ್ದು ಒಂದೇ, ತಕ್ಕಡಿ. ಅದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು 12 ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ ಮುದ್ರೆ ಹಾಕಬೇಕು ಅಂತ ನಿಯಮ ಇದೆ. ಉಳಿದವಕ್ಕೆ ನಿಯಮ ಇಲ್ಲ, ಹಾಗಾಗಿ ಅವುಗಳ ಕಡೆ ಯಾರೂ ನೋಡಲ್ಲ. ಕೇಳಿದ್ರೆ ನಮ್ಮ ಬಸವನ ಬಾಗೇವಾಡಿ ಕಡೆ ಒಂದೇ ಉತ್ತರ: “ನಡೀತೈತಿ ಬಿಡಪಾ, ಕೆಟ್ಟಾಗ ನೋಡೋಣು.”

ಸ್ನೇಹಿತರೇ, ನನ್ನ ಪ್ರಕಾರ ಸಣ್ಣ ವ್ಯಾಪಾರಕ್ಕೆ ಅತಿ ಹೆಚ್ಚು ಖರ್ಚು ತರೋದು ಈ ಮಾತೇ.

ಮೊದಲು ಇನ್ವರ್ಟರ್ ಬ್ಯಾಟರಿ ತಗೊಳ್ಳೋಣ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಶಕ್ತಿ ಇರುತ್ತೆ. ಕಂಪ್ಯೂಟರ್, ಪ್ರಿಂಟರ್, ಎರಡು ಲೈಟ್ ಸೇರಿ 200 ವ್ಯಾಟ್ ಅಂದುಕೊಂಡ್ರೆ 9 ಗಂಟೆ. ಇನ್ವರ್ಟರ್‌ನ ನಷ್ಟ ಕಳೆದು, ಬ್ಯಾಟರಿ ಪೂರ್ತಿ ಖಾಲಿ ಮಾಡದೆ ಬಳಸಿದ್ರೂ ಐದಾರು ಗಂಟೆ ಆರಾಮಾಗಿ ಬರಬೇಕು. ಆದ್ರೆ ಡಿಸ್ಟಿಲ್ಡ್ ವಾಟರ್ ಹಾಕದೆ ಬಿಟ್ರೆ ಏನಾಗುತ್ತೆ? ಒಳಗಿನ ದ್ರವ ಇಳಿದು ಸೀಸದ ಪ್ಲೇಟುಗಳು ಮೇಲೆ ಕಾಣ್ತಾವೆ. ಅವುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ಆಮೇಲೆ ನೀರು ಹಾಕಿದ್ರೂ ಹೋದ ಶಕ್ತಿ ಪೂರ್ತಿ ವಾಪಸ್ ಬರಲ್ಲ. ಡಿಸ್ಟಿಲ್ಡ್ ವಾಟರ್ ಕ್ಯಾನ್‌ಗೆ ಹೆಚ್ಚು ರೊಕ್ಕ ಇಲ್ಲ, ಹೊಸ ಬ್ಯಾಟರಿಗೆ ಹತ್ತು ಸಾವಿರ ದಾಟುತ್ತೆ. ಇಷ್ಟಾಗಿ ಅದು ಕೈ ಕೊಡೋದು ಯಾವಾಗ? ಶ್ರಾವಣದ ಜಾತ್ರೆಯಂಥ ದಿನ, ಅಂಗಡಿ ಮುಂದೆ ಜನ ತುಂಬಿರುವಾಗ. ಅವತ್ತು ಕಳೆದುಕೊಂಡ ವ್ಯಾಪಾರದ ಲೆಕ್ಕ ಯಾವ ಬಿಲ್‌ನಲ್ಲೂ ಕಾಣಲ್ಲ.

ಎರಡನೆಯದು ಲೆಕ್ಕಪತ್ರ. 2025ರ ಜುಲೈನಲ್ಲಿ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದದ್ದು ನೆನಪಿರಬೇಕು. ಯುಪಿಐ ಮೂಲಕ ಬಂದ ಹಣದ ಮೊತ್ತ ನೋಡಿ ಕಳಿಸಿದ ನೋಟಿಸ್ ಅವು. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕು ಮಾರೋರಿಗೂ ಬಂದವು. ಎಷ್ಟೋ ಅಂಗಡಿಗಳಲ್ಲಿ ಕ್ಯುಆರ್ ಕೋಡ್ ಕಿತ್ತು ‘ನಗದು ಮಾತ್ರ’ ಅಂತ ಬೋರ್ಡ್ ಹಾಕಿದ್ರು. ಕೊನೆಗೆ ಹಳೆ ಬಾಕಿ ವಸೂಲಿ ಮಾಡಲ್ಲ ಅಂತ ಸರ್ಕಾರ ಭರವಸೆ ಕೊಡಬೇಕಾಯ್ತು.

ನೋಟಿಸ್ ಸರಿಯೋ ತಪ್ಪೋ ಅನ್ನೋ ಚರ್ಚೆ ಬೇರೆ. ನನಗೆ ಕಂಡದ್ದು ಇಷ್ಟು: ಯುಪಿಐ ದಾಖಲೆ ‘ಎಷ್ಟು ಹಣ ಬಂತು’ ಅಂತ ಹೇಳುತ್ತೆ, ‘ಯಾವ ಸರಕಿಗೆ ಬಂತು’ ಅಂತ ಹೇಳಲ್ಲ. ಅದನ್ನ ಹೇಳೋಕೆ ಅಂಗಡಿಯ ಸ್ವಂತ ಲೆಕ್ಕವೇ ಬೇಕು. ಜಿಎಸ್‌ಟಿ ನೋಂದಣಿ ಆದವರು ವಾರ್ಷಿಕ ರಿಟರ್ನ್‌ನ ಕೊನೆ ದಿನಾಂಕದಿಂದ 72 ತಿಂಗಳು, ಅಂದ್ರೆ ಆರು ವರ್ಷ, ದಾಖಲೆ ಇಟ್ಟಿರಬೇಕು. ಆ ಆರು ವರ್ಷದ ಲೆಕ್ಕ ಎಲ್ಲಿರುತ್ತೆ? ಧೂಳು ತಿಂದ ಒಂದೇ ಕಂಪ್ಯೂಟರಿನ ಒಂದೇ ಹಾರ್ಡ್ ಡಿಸ್ಕ್‌ನಲ್ಲಿ. ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡ್ತಿದ್ರು ಅಂತ ಶಾಲೆಯಿಂದ ಓದ್ಕೊಂಡು ಬಂದವರು ನಾವು. ಅವರ ಹೆಸರಿನ ಊರಲ್ಲೇ ಅಂಗಡಿ ಲೆಕ್ಕಕ್ಕೆ ಇನ್ನೊಂದು ಪ್ರತಿ ಇರಲ್ಲ ಅಂದ್ರೆ ಹೇಗೆ?

ಮೂರನೆಯದು ಅಪ್‌ಡೇಟ್. 2017ರ ಮೇ 12ರಂದು ವನ್ನಾಕ್ರೈ ಅನ್ನೋ ರಾನ್ಸಮ್‌ವೇರ್ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನ ಲಾಕ್ ಮಾಡಿ ಹಣ ಕೇಳ್ತು. ಅದು ಬಳಸಿದ ತೂತನ್ನ ಮುಚ್ಚುವ ಪ್ಯಾಚ್ ಅನ್ನ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಔಷಧಿ ಬಂದು ಎರಡು ತಿಂಗಳಾಗಿತ್ತು, ಹಾಕ್ಕೊಳ್ಳದವರು ಸಿಕ್ಕಿಬಿದ್ರು. ಈಗ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ನಿಮ್ಮೂರಿನ ಝೆರಾಕ್ಸ್ ಅಂಗಡಿಯಲ್ಲಿ ಯಾವ ವಿಂಡೋಸ್ ಇದೆ ಅಂತ ಮುಂದಿನ ಸಲ ನೋಡಿ. ದಿನಕ್ಕೆ ಎಷ್ಟು ಜನರ ಆಧಾರ್, ಮಾರ್ಕ್ಸ್ ಕಾರ್ಡ್, ಪೆನ್ ಡ್ರೈವ್ ಆ ಕಂಪ್ಯೂಟರ್ ಮೂಲಕ ಹೋಗುತ್ತೆ ಅಂತಾನೂ ಯೋಚಿಸಿ.

“ಸಣ್ಣ ಅಂಗಡಿಯವರ ಹತ್ರ ಅಷ್ಟು ರೊಕ್ಕ ಎಲ್ಲೈತಿ?” ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದ್ರೆ ನಾನು ದುಬಾರಿ ವಸ್ತು ತಗೊಳ್ಳಿ ಅಂತಿಲ್ಲ. ಕಡಿಮೆ ತಗೊಳ್ಳಿ, ತಗೊಂಡದ್ದನ್ನ ಚೆನ್ನಾಗಿ ಇಟ್ಕೊಳ್ಳಿ ಅಂತಿದ್ದೀನಿ. ಖರೀದಿ ಮಾಡೋವಾಗ ಬೆಲೆ ಜೊತೆ ಇನ್ನೊಂದು ಪ್ರಶ್ನೆ ಕೇಳಿದ್ರೆ ಸಾಕು: ಇದು ಕೆಟ್ರೆ ನಮ್ಮೂರಲ್ಲೇ ರಿಪೇರಿ ಆಗುತ್ತಾ? ಬಾಗೇವಾಡಿಯಿಂದ ವಿಜಯಪುರ 40 ಕಿ.ಮೀ. ಮೇಲೆ. ಒಂದು ಪ್ರಿಂಟರ್ ಹೊತ್ಕೊಂಡು ಹೋಗಿ ಬರೋದು ಅಂದ್ರೆ ಒಂದು ದಿನದ ದುಡಿಮೆ ಹೋಯ್ತು. ಅದನ್ನೂ ಬೆಲೆಗೆ ಸೇರಿಸಿ ನೋಡಿದ್ರೆ, ಆನ್‌ಲೈನ್‌ನಲ್ಲಿ ಅಗ್ಗ ಅನಿಸಿದ್ದು ಅಗ್ಗ ಇರಲ್ಲ.

ನಮ್ಮೂರ ಹತ್ತಿರ ಕೂಡಗಿಯಲ್ಲಿ 800 ಮೆಗಾವ್ಯಾಟ್‌ನ ಮೂರು ಘಟಕಗಳ ಎನ್‌ಟಿಪಿಸಿ ವಿದ್ಯುತ್ ಸ್ಥಾವರ ಇದೆ. ಅಂಥ ಸ್ಥಾವರಗಳಲ್ಲಿ ಚೆನ್ನಾಗಿ ಓಡ್ತಿರೋ ಘಟಕವನ್ನೇ ಮೊದಲೇ ದಿನ ಗೊತ್ತುಮಾಡಿ ನಿಲ್ಲಿಸಿ ಓವರ್‌ಹಾಲ್ ಮಾಡ್ತಾರೆ. ತಾನಾಗಿ ನಿಂತ್ರೆ ಆಗೋ ನಷ್ಟ ಇನ್ನೂ ದೊಡ್ಡದು ಅಂತ ಅವರಿಗೆ ಗೊತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ ಇಡೀ ರಾಜ್ಯಕ್ಕೂ ಅದೇ ಪಾಠ ಆಯ್ತು. ಅಂಗಡಿಗೂ ಲೆಕ್ಕ ಇದೇ. ತಿಂಗಳಿಗೆ ಒಂದು ಅರ್ಧ ದಿನ ಬ್ಯಾಟರಿ ನೀರು, ಬ್ಯಾಕಪ್, ಅಪ್‌ಡೇಟ್, ಧೂಳು ಅಂತ ತೆಗೆದಿಟ್ರೆ ಸಾಕು.

ಇನ್ನು ನಮ್ಮ ವಿಷಯ. ಹ್ಯಾಕಥಾನ್‌ನಲ್ಲಿ ಹೊಸ ಆ್ಯಪ್ ಮಾಡಿದವರಿಗೆ ಪ್ರೈಜ್ ಇದೆ. ಐದು ವರ್ಷ ಒಂದು ಬಿಲ್ಲಿಂಗ್ ಸಿಸ್ಟಮ್ ನಿಲ್ಲದಂಗೆ ನೋಡ್ಕೊಂಡವರ ಹೆಸರು ಯಾರಿಗೂ ಗೊತ್ತಿಲ್ಲ. ನಿರ್ವಹಣೆ ಅಂದ್ರೆ ಎಂಜಿನಿಯರಿಂಗ್‌ಗಿಂತ ಕೆಳಗಿನ ಕೆಲಸ ಅನ್ನೋ ಭಾವನೆ ನಮ್ಮಲ್ಲೇ ಇರುವಾಗ ಅಂಗಡಿಯವರನ್ನ ಮಾತ್ರ ಬೈದು ಏನು ಪ್ರಯೋಜನ?

ನನ್ನ ಸಲಹೆ ಸಣ್ಣದು. ನಮ್ಮ ಕನ್ನಡ ಸಂಘದಿಂದ ಅಂಗಡಿಗಳಿಗೆ ಅಂತ ಒಂದು ಪುಟದ ನಿರ್ವಹಣಾ ಪಟ್ಟಿ ಸರಳ ಕನ್ನಡದಲ್ಲಿ ಮಾಡೋಣ. ಮ್ಯಾನ್ಯುವಲ್ ಎಲ್ಲಾ ಇಂಗ್ಲಿಷ್‌ನಲ್ಲೇ ಇರೋದ್ರಿಂದ ಎಷ್ಟೋ ಜನ ಅದನ್ನ ತೆರೆಯೋದೇ ಇಲ್ಲ. ರಜೆಗೆ ಊರಿಗೆ ಹೋದಾಗ ಒಬ್ಬೊಬ್ಬರು ಎರಡು ಅಂಗಡಿಗೆ ಹೋಗಿ, ಆ ಪಟ್ಟಿ ಅಂಟಿಸಿ, ಮೊದಲ ಬ್ಯಾಕಪ್ ಅವರ ಕೈಯಿಂದಲೇ ಮಾಡಿಸೋಣ. ಪಟ್ಟಿ ಬರೆಯೋಕೆ ಯಾರ್ಯಾರು ಬರ್ತೀರಿ, ಹೇಳಿ.