ರಕ್ತಕಣದೊಳಗಿನ ಮೆಗ್ನೀಸಿಯಂ

ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರ ರಕ್ತಪರೀಕ್ಷೆಯ ವರದಿಯಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಎಂಬ ಹೆಸರುಗಳು ಕಾಣುವುದುಂಟು. ರಸಾಯನಶಾಸ್ತ್ರದ ಪಾಠದಲ್ಲಿ ಬರುವ ಈ ಲೋಹಗಳಿಗೆ ಹೃದಯದಲ್ಲೇನು ಕೆಲಸ?

ವಯಸ್ಕರ ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಂ ಇದೆ. ಅರ್ಧಕ್ಕಿಂತ ಹೆಚ್ಚು ಮೂಳೆಗಳಲ್ಲಿ. ಉಳಿದುದರ ಬಹುಪಾಲು ಸ್ನಾಯು ಮತ್ತಿತರ ಜೀವಕೋಶಗಳ ಒಳಗೆ. ರಕ್ತದಲ್ಲಿರುವುದು ಶೇ. 1ಕ್ಕಿಂತಲೂ ಕಡಿಮೆ. ಅಲ್ಲಿಯೂ ಕೆಂಪು ರಕ್ತಕಣಗಳ ಒಳಗಿನ ಪ್ರಮಾಣ ಹೊರಗಿನ ದ್ರವದಲ್ಲಿರುವುದಕ್ಕಿಂತ ಹೆಚ್ಚು. ಆದರೆ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಅಳೆಯುವುದು ಹೊರಗಿನ ದ್ರವವನ್ನು ಮಾತ್ರ. ಅಂಗಳದಲ್ಲಿ ಚೆಲ್ಲಿದ ಕಾಳು ನೋಡಿ ಕಣಜದ ಲೆಕ್ಕ ಹೇಳಿದಂತೆ! ಆದ್ದರಿಂದಲೇ ಕೆಲವು ಸಂಶೋಧಕರು ರಕ್ತಕಣದ ಒಳಗನ್ನೇ ಅಳೆಯಲು ಹೊರಟರು.

ಹೃದಯದ ಜೀವಕೋಶಗಳ ಪೊರೆಯಲ್ಲಿ ಸೋಡಿಯಂ ಹೊರದಬ್ಬಿ ಪೊಟ್ಯಾಸಿಯಂ ಒಳಗೆಳೆಯುವ ಪಂಪುಗಳಿವೆ. ಅವು ನಡೆಯಲು ಮೆಗ್ನೀಸಿಯಂ ಬೇಕು. ಅದು ತೀರಾ ಕಡಿಮೆಯಾದರೆ ಹೃದಯದ ಬಡಿತ ತಾಳ ತಪ್ಪಬಹುದು. ಹಾಗಾದರೆ ಹೃದಯಾಘಾತವಾದವರಿಗೆಲ್ಲ ಮೆಗ್ನೀಸಿಯಂ ಕೊಟ್ಟರೆ?

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 2,316 ರೋಗಿಗಳ ಮೇಲೆ ಈ ಪ್ರಯೋಗ ನಡೆಯಿತು. ರಕ್ತನಾಳದ ಮೂಲಕ ಮೆಗ್ನೀಸಿಯಂ ಪಡೆದವರಲ್ಲಿ 28 ದಿನಗಳೊಳಗಿನ ಸಾವು ಶೇ. 24ರಷ್ಟು ಕಡಿಮೆಯೆಂದು 1992ರಲ್ಲಿ ವರದಿಯಾಯಿತು. ಅಗ್ಗದ ಔಷಧಿ, ಎಲ್ಲರಿಗೂ ಸಂತೋಷ. ಆದರೆ 1995ರಲ್ಲಿ ಪ್ರಕಟವಾದ ‘ಐಸಿಸ್-4’ ಪ್ರಯೋಗದಲ್ಲಿ 58,050 ರೋಗಿಗಳಿದ್ದರು, ಲಾಭವೇನೂ ಕಾಣಲಿಲ್ಲ. ಔಷಧಿ ಕೊಟ್ಟದ್ದು ತಡವಾಯಿತೆಂಬ ವಾದ ಎದ್ದಿತು. ಬೇಗನೆ ಕೊಟ್ಟು ನೋಡಿದ, 6,213 ರೋಗಿಗಳ ‘ಮ್ಯಾಜಿಕ್’ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ಅಲ್ಲಿಯೂ ಸಾವಿನ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ!

ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಕಾರಣ ಸರಿಯೆನಿಸಿದರೆ ಸಾಲದು, ಒಂದು ಪ್ರಯೋಗ ಗೆದ್ದರೂ ಸಾಲದು. ಹೆಚ್ಚು ಜನರ ಮೇಲೆ ಮತ್ತೆ ಪರೀಕ್ಷಿಸಿದಾಗಲೂ ಉಳಿಯುವುದೇ ವಿಜ್ಞಾನ.

ಪೋಷಕರಿಗೂ ಒಂದು ಮಾತು. ಮೆಗ್ನೀಸಿಯಂ ಕೊರತೆ ಕಂಡುಬಂದವರಿಗೆ ಮತ್ತು ಕೆಲವು ಬಗೆಯ ಬಡಿತದ ದೋಷಗಳಿಗೆ ವೈದ್ಯರು ಅದನ್ನು ಈಗಲೂ ಕೊಡುತ್ತಾರೆ. ಆದರೆ ‘ಹೃದಯಕ್ಕೆ ಒಳ್ಳೆಯದು’ ಎಂದು ನಾವೇ ಮಾತ್ರೆ ನುಂಗುವುದು ಸಲ್ಲದು. ಮೂತ್ರಪಿಂಡ ಸೋತವರಲ್ಲಿ ಅದು ದೇಹದಲ್ಲೇ ಉಳಿದು ಅಪಾಯ ತಂದೀತು. ಆರೋಗ್ಯವಂತರಿಗೆ ರಾಗಿ, ಸೊಪ್ಪು, ಕಾಳು, ಕಡಲೆಕಾಯಿ, ಎಳ್ಳುಗಳಲ್ಲಿ ಮೆಗ್ನೀಸಿಯಂ ಧಾರಾಳವಾಗಿ ಸಿಗುತ್ತದೆ. ಎದೆನೋವು ಬಂದಾಗ ಮಾತ್ರ ಊಟ, ಮಾತ್ರೆಗಳ ಚರ್ಚೆ ಬೇಡ. ತಡಮಾಡದೆ ಆಸ್ಪತ್ರೆಗೆ ಹೊರಡಿ.